ಆ ಸದ್ದು ಎಲ್ಲಿಂದ ಬರ್ತಿದೆ?



ಹತ್ತು ದಿನ ನಾನು ಈ ಕುರ್ಚಿಯಲ್ಲಿ ಇರಲಿಲ್ಲ. ಚಾನೆಲ್ ಬಿಟ್ಟ ಅಂತ ಕೆಲವರು ಬರೆದರು. ಎಲೆಕ್ಷನ್‌ಗೆ ನಿಲ್ತಾನೆ ಅಂತ ಇನ್ನು ಕೆಲವರು. ಎರಡೂ ಸುಳ್ಳು. ನಮ್ಮಪ್ಪನಿಗೆ ಬೈಪಾಸ್ ಆಪರೇಷನ್ ಆಯಿತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಆಪರೇಷನ್ ಚೆನ್ನಾಗಿ ಆಯಿತು, ಡಾಕ್ಟರುಗಳು ಒಳ್ಳೆಯವರು, ಅಪ್ಪ ಈಗ ಮನೆಯಲ್ಲಿ ರಾಗಿ ಗಂಜಿ ಬೇಡ ಅಂತ ಜಗಳ ಆಡ್ತಿದ್ದಾರೆ. ಹಾಗಿದ್ರೆ ಇವತ್ತು ಏನು ಮಾತು ಅಂತೀರಾ? ಇವತ್ತಿನ ಮಾತು ಸದ್ದಿನ ಬಗ್ಗೆ. ಆಸ್ಪತ್ರೆಯ ರೂಮಿನೊಳಗಿನ ಸದ್ದಿನ ಬಗ್ಗೆ.

ನಗಬೇಡಿ. ನ್ಯೂಸ್ ಆಂಕರ್ ಸದ್ದಿನ ವಿರುದ್ಧ ಮಾತಾಡೋದು ಅಂದ್ರೆ ಭೂತದ ಬಾಯಲ್ಲಿ ಭಗವದ್ಗೀತೆ ಅಂತ ನನಗೂ ಗೊತ್ತು. ಆ ಕಥೆಗೂ ಬರ್ತೀನಿ. ಮೊದಲು ಅಪ್ಪನ ಬಗ್ಗೆ ಎರಡು ಮಾತು.

ನಮ್ಮಪ್ಪ ತುಮಕೂರು ಕಡೆಯವರು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಯಾರಾದರೂ ಡ್ರೈವರ್ ಬಂದು "ಅಣ್ಣಾ, ಗಾಡೀಲಿ ಏನೋ ಸದ್ದು ಬರ್ತೈತೆ" ಅಂದ್ರೆ ಅಪ್ಪ "ಎಷ್ಟು ಜೋರು?" ಅಂತ ಕೇಳ್ತಿರಲಿಲ್ಲ. "ಎಲ್ಲಿಂದ?" ಅಂತ ಕೇಳೋರು. ಆಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು, ಅದರ ತುದಿಯನ್ನು ಓಡ್ತಿರೋ ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಂದೊಂದೇ ಜಾಗ ಕೇಳ್ತಾ ಹೋಗೋರು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟ ಹಾಗೆ. ಸದ್ದು ಹುಟ್ಟೋ ಜಾಗ ಸಿಕ್ಕಿದ್ರೆ ಅರ್ಧ ರಿಪೇರಿ ಮುಗೀತು ಅನ್ನೋದು ಅವರ ಲೆಕ್ಕ. ಸಿಗದಿದ್ರೆ? ಸುಮ್ನೆ ನಟ್ಟು ಬೋಲ್ಟು ಟೈಟ್ ಮಾಡ್ತಾ ಕೂತ್ಕೋಬೇಕು.

ಈಗ ಆಸ್ಪತ್ರೆಗೆ ಬನ್ನಿ. ಎರಡು ದಿನ ಐಸಿಯು ಮುಗಿಸಿ ಅಪ್ಪನನ್ನು ಎರಡು ಬೆಡ್ಡಿನ ರೂಮಿಗೆ ಹಾಕಿದರು. ತಲೆಯ ಪಕ್ಕ ಮಾನಿಟರ್, ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ಪು, ಕೈಗೆ ಡ್ರಿಪ್ಪು, ಸಿರಿಂಜ್ ಪಂಪು. ನಾನು ಅಟೆಂಡರ್, ಪಕ್ಕದ ಸ್ಟೂಲ್ ಮೇಲೆ. ಆಪರೇಷನ್ ಆದಮೇಲಿನ ಮೂರನೇ ರಾತ್ರಿ, ಒಂದು ಗಂಟೆ ಇರಬಹುದು, ಅಪ್ಪ ಕಣ್ಣು ಬಿಟ್ಟರು. "ಲೋ, ಗಾಡಿ ಆಫ್ ಮಾಡೋ. ಟ್ಯಾಪೆಟ್ ಹೊಡ್ಕೋತೈತೆ" ಅಂದರು. ಯಾವ ಗಾಡಿ ಅಪ್ಪಾ ಅಂದೆ. "ಇದೇ, ನನ್ನ ತಲೆ ಹತ್ರ ನಿಲ್ಸಿದೀಯಲ್ಲ" ಅಂತ ಎದ್ದು ಕೂರೋಕೆ ಹೋಗಿ ಕೈಯಲ್ಲಿದ್ದ ಡ್ರಿಪ್ಪಿನ ಪೈಪು ಎಳೆದರು. ನಾನು, ಒಬ್ಬ ವಾರ್ಡ್ ಬಾಯ್, ಒಬ್ಬ ಸಿಸ್ಟರ್, ಮೂರು ಜನ ಸೇರಿ ಹಿಡೀಬೇಕಾಯ್ತು. ಎದೆಯ ಮೂಳೆ ಕತ್ತರಿಸಿ ತಂತಿ ಹಾಕಿ ಹೊಲಿದು ಮೂರು ದಿನ ಆಗಿರೋ ಮನುಷ್ಯ. ಸ್ವಲ್ಪ ಯೋಚನೆ ಮಾಡಿ.

ಡ್ಯೂಟಿ ಡಾಕ್ಟರ್ ಹೇಳಿದರು: ಇದಕ್ಕೆ ಡೆಲಿರಿಯಂ ಅಂತಾರೆ, ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದಮೇಲೆ ಆಗುತ್ತೆ, ಗಾಬರಿ ಬೇಡ. ಅರಿವಳಿಕೆ, ನೋವು, ಔಷಧಿ, ಹೊಸ ಜಾಗ, ಎಲ್ಲಾ ಸೇರಿರುತ್ತೆ. ನಿದ್ದೆಗೆಡೋದೂ ಅದರಲ್ಲಿ ಒಂದು. "ಹೇಗಾದ್ರೂ ಸ್ವಲ್ಪ ನಿದ್ದೆ ಬರೋ ಹಾಗೆ ನೋಡ್ಕೊಳ್ಳಿ" ಅಂದು ಹೋದರು.

ನಿದ್ದೆ! ಅಲ್ಲಾ ಸ್ವಾಮಿ, ಆ ರೂಮಲ್ಲಿ ನಿದ್ದೆ ಎಲ್ಲಿಂದ ಬರಬೇಕು?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಮೈಕ್ ಮುಂದೆ ಕೂತಮೇಲೆ ಆ ವಿದ್ಯೆ ಉಪಯೋಗಕ್ಕೆ ಬಂದಿದ್ದು ಇದೇ ಮೊದಲು. ಫೋನಲ್ಲಿ ಡೆಸಿಬೆಲ್ ಅಳೆಯೋ ಆಪ್ ಹಾಕಿಕೊಂಡೆ. ಒಂದು ಮಾತು: ಫೋನಿನ ಆಪ್ ಲ್ಯಾಬಿನ ಮೀಟರ್ ಅಲ್ಲ, ಅದರ ನಂಬರ್ ಹಿಡಿದು ಕೋರ್ಟಿಗೆ ಹೋಗೋಕಾಗಲ್ಲ. ಇಲ್ಲಿ ಜಾಸ್ತಿ, ಅಲ್ಲಿ ಕಮ್ಮಿ ಅಂತ ಹೋಲಿಸೋಕೆ ಸಾಕು. ಅಪ್ಪನ ದಿಂಬಿನ ಹತ್ತಿರ ಹಿಡಿದಾಗ, ಮಾನಿಟರ್ ಕೂಗುವ ಹೊತ್ತಿಗೆ, 66ರ ಆಸುಪಾಸು ಬಂತು. ಹೊರಗೆ ಸಿಸ್ಟರ್ ಕೂರೋ ಟೇಬಲ್ ಹತ್ತಿರ ಅದೇ ಕೂಗು 48.

ಇದು ಜಾಸ್ತಿನಾ ಕಮ್ಮಿನಾ? ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ರಾತ್ರಿ ಹೊತ್ತು ವಾರ್ಡಿನ ರೂಮಿನಲ್ಲಿ ಸರಾಸರಿ 30 ಡೆಸಿಬೆಲ್ ಇರಬೇಕು. ನಡುವೆ ಏಳುವ ಯಾವ ಸದ್ದೂ 40 ದಾಟಬಾರದು. ಮೂವತ್ತಕ್ಕೂ ಅರವತ್ತಕ್ಕೂ ಎರಡೇ ಪಟ್ಟು ತಾನೇ ಅನ್ನಬೇಡಿ. ಡೆಸಿಬೆಲ್ ಲೆಕ್ಕ ಬಡ್ಡಿಗಿಂತ ಕೆಟ್ಟದು. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು, ಮೂವತ್ತು ಏರಿದರೆ ಸಾವಿರ ಪಟ್ಟು.

ಆದರೆ ನೋಡಿ, ಈ ನಂಬರ್ ಇಟ್ಕೊಂಡು ನಾನು ಏನು ಮಾಡಲಿ? ಎಷ್ಟು ಜೋರು ಅಂತ ಮೀಟರ್ ಹೇಳುತ್ತೆ. ಎಲ್ಲಿಂದ ಅಂತ ಹೇಳಲ್ಲ. ಹಾಗಾಗಿ ಅಪ್ಪನ ಸ್ಕ್ರೂಡ್ರೈವರ್ ವಿದ್ಯೆಗೇ ಇಳಿದೆ. ರೂಮಿನ ಮಧ್ಯೆ ನಿಂತು ಕಣ್ಣು ಮುಚ್ಚಿ, ತಲೆ ಆ ಕಡೆ ಈ ಕಡೆ ತಿರುಗಿಸ್ತಾ ಕೇಳೋದು. ನಮ್ಮ ಎರಡು ಕಿವಿ ಇರೋದೇ ಅದಕ್ಕೆ. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತೆ, ಎಡಗಿವಿಗೆ ಒಂಚೂರು ತಡವಾಗಿ. ಆ ತಡ ಎಷ್ಟು ಗೊತ್ತಾ? ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿ. ಅಷ್ಟರಲ್ಲೇ ಮೆದುಳು ದಿಕ್ಕು ಹೇಳಿಬಿಡುತ್ತೆ.

ಮೊದಲು ಸಿಕ್ಕ ಸದ್ದು ಯಾವುದು ಹೇಳಲಾ? ಯಾರೋ ಜಗಳ ಆಡ್ತಿರೋ ಹಾಗೆ ದೂರದಿಂದ ಒಂದೇ ಸಮನೆ ಕೂಗಾಟ. ಕಾರಿಡಾರ್ ದಾಟಿ ಹುಡುಕಿಕೊಂಡು ಹೋದೆ. ಲಿಫ್ಟ್ ಪಕ್ಕದ ವೇಟಿಂಗ್ ಹಾಲ್‌ನಲ್ಲಿ ಟಿವಿ. ಕೆಳಗೆ ಕುರ್ಚಿಗಳ ಮೇಲೆ ಹತ್ತು ಹನ್ನೆರಡು ಜನ ಮುದುಡಿಕೊಂಡು ಮಲಗಿದ್ದಾರೆ. ಟಿವಿಯೊಳಗೆ ಬೆರಳು ತೋರಿಸಿಕೊಂಡು ಅರಚ್ತಿರೋದು ಯಾರು? ನಾನೇ. ಹಳೆಯ ಒಂಬತ್ತು ಗಂಟೆ ಡಿಬೇಟ್, ಮರುಪ್ರಸಾರ. ಸೆಕ್ಯುರಿಟಿಯವರನ್ನು ರಿಮೋಟ್ ಕೇಳಿದೆ. "ರಿಮೋಟು ರಿಸೆಪ್ಷನ್ ಮೇಡಂ ಹತ್ರ ಐತೆ ಸಾರ್, ಬೆಳಗ್ಗೆ ಬತ್ತಾರೆ" ಅಂದರು. ಆಮೇಲೆ ಪಾಪ ಅವರೇ ಕುರ್ಚಿ ಹತ್ತಿ ಪ್ಲಗ್ ಕಿತ್ತು, ಕೆಳಗಿಳಿದು ನನ್ನ ಮುಖ ನೋಡಿ, "ಸಾರ್, ಅದು ನೀವೇ ಅಲ್ವಾ?" ಅಂದರು. ಹೌದಪ್ಪ ಅಂದೆ. ಬೇರೆ ಏನು ಹೇಳೋಕಾಗುತ್ತೆ?

ವಾಪಸ್ ಬಂದು ಬೆಳಗಿನ ತನಕ ಒಂದೊಂದಾಗಿ ಪತ್ತೆ ಮಾಡಿದೆ. ಕಾಲಲ್ಲಿ ಒತ್ತಿ ತೆರೆಯೋ ಸ್ಟೀಲ್ ಡಸ್ಟ್‌ಬಿನ್ನು, ಕಾಲು ತೆಗೆದರೆ ಮುಚ್ಚಳ ಢಣ್ ಅಂತ ಬೀಳುತ್ತೆ. ತಾನಾಗಿ ಮುಚ್ಚಿಕೊಳ್ಳೋ ಬಾಗಿಲು, ಕೊನೆಯ ಒಂದು ಗೇಣು ರಪ್ ಅಂತ ಹೊಡ್ಕೊಳ್ಳುತ್ತೆ. ಟೈಲ್ಸ್ ಮೇಲೆ ಎಳೆಯೋ ಕುರ್ಚಿ. ಪರದೆಯ ಕೊಂಡಿ. ಆಕ್ಸಿಜನ್ ಬಾಟಲಿಯ ಗುಳುಗುಳು, ಇದು ಪಾಪ ಹಿತವಾಗೇ ಇತ್ತು. ಪಕ್ಕದ ಬೆಡ್ಡಿನ ಅಟೆಂಡರ್ ಫೋನಲ್ಲಿ ರೀಲ್ಸು. ಬೆಳಗಿನ ಜಾವ ನಾಲ್ಕಕ್ಕೆ ನೆಲ ಒರೆಸೋ ಬಕೆಟ್ಟು. ಮತ್ತೆ ಒಂದು ಟ್ರಾಲಿ, ದೂರದಿಂದಲೇ ಕೀರ್ ಕೀರ್ ಅಂತ ತನ್ನ ಬರವನ್ನು ತಾನೇ ಸಾರುತ್ತಾ ಬರುತ್ತೆ. ಆದರೆ ಇವೆಲ್ಲಾ ಸೇರಿದರೂ ಒಂದರ ಸಮ ಇಲ್ಲ. ಅಪ್ಪನ ಕಿವಿಯಿಂದ ಎರಡು ಅಡಿ ದೂರದಲ್ಲಿದ್ದ ಮಾನಿಟರ್.

ಅದರಲ್ಲೊಂದು ವಿಷಚಕ್ರ ಕಣ್ಣಿಗೆ ಬಿತ್ತು. ಮಾನಿಟರ್ ಕೂಗುತ್ತೆ. ಅಪ್ಪ ಬೆಚ್ಚಿ ಕೈ ಅಲ್ಲಾಡಿಸ್ತಾರೆ. ಬೆರಳಿನ ಕ್ಲಿಪ್ಪು ಸರಿಯುತ್ತೆ. ಕ್ಲಿಪ್ಪು ಸರಿದರೆ ಮೆಷಿನ್ನಿಗೆ ಆಕ್ಸಿಜನ್ ಲೆಕ್ಕ ಸಿಗಲ್ಲ, ಅದು ಮತ್ತೆ ಕೂಗುತ್ತೆ. ಕೂಗಿದ್ದಕ್ಕೆ ಅಪ್ಪ ಮತ್ತೆ ಬೆಚ್ಚುತ್ತಾರೆ. ಇಂಜಿನಿಯರಿಂಗ್‌ನಲ್ಲಿ ಇದನ್ನ ಫೀಡ್‌ಬ್ಯಾಕ್ ಲೂಪ್ ಅಂತೀವಿ. ಮೈಕ್ ತಗೊಂಡು ಹೋಗಿ ಸ್ಪೀಕರ್ ಮುಂದೆ ಹಿಡಿದರೆ ಕುಯ್ಯೋ ಅನ್ನುತ್ತಲ್ಲ, ಅದೇ. ಇಲ್ಲಿ ಮೈಕ್ ಜಾಗದಲ್ಲಿ ನಮ್ಮಪ್ಪ ಇದ್ದರು.

ಆ ಅಲಾರಂ ಯಾರಿಗೆ? ಸಿಸ್ಟರ್‌ಗೆ. ಅತಿ ಜೋರಾಗಿ ಕೇಳಿಸ್ತಿರೋದು ಯಾರಿಗೆ? ಅದನ್ನ ಆಫ್ ಮಾಡೋಕೂ ಆಗದ, ಎದ್ದು ಹೋಗೋಕೂ ಆಗದ ರೋಗಿಗೆ. ಯಾರೋ ಬೇರೆಯವರಿಗೆ ಬಂದ ಫೋನ್ ರಾತ್ರಿಯೆಲ್ಲಾ ನಿಮ್ಮ ಕಿವಿಯ ಹತ್ತಿರ ರಿಂಗ್ ಆದ ಹಾಗೆ.

ಇದು ನನ್ನೊಬ್ಬನ ಕಿವಿಯ ಭ್ರಮೆ ಇರಬಹುದೇನೋ ಅಂದುಕೊಂಡು ಹುಡುಕಿ ಓದಿದೆ. ಇಂಗ್ಲೆಂಡಿನಲ್ಲಿ ಡಾರ್ಬಿಶೈರ್ ಮತ್ತು ಸಂಗಡಿಗರು ಒಂದು ಐಸಿಯುನ ನಾಲ್ಕು ಬೆಡ್ಡಿನ ಭಾಗದಲ್ಲಿ ಹಲವು ಮೈಕುಗಳ ಒಂದು ಜಾಲವನ್ನೇ ಕಟ್ಟಿದರು. ಎರಡು ಕಿವಿ ಮಾಡೋ ಕೆಲಸವನ್ನೇ ಆ ಮೈಕುಗಳು ಮಾಡುತ್ತವೆ: ಒಂದೇ ಸದ್ದು ಯಾವ ಮೈಕಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಅಂತ ಲೆಕ್ಕ ಹಾಕಿ ಅದು ಹುಟ್ಟಿದ ಜಾಗವನ್ನ ನಕ್ಷೆ ಮೇಲೆ ಗುರುತು ಮಾಡೋದು. 2017ರ ಏಪ್ರಿಲ್‌ನಿಂದ 2018ರ ಏಪ್ರಿಲ್ ತನಕ, ಒಂದು ವರ್ಷ. ಪೂರ್ತಿ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಸಿಕ್ಕಿದ್ದು 248 ದಿನದ್ದು. ಏನು ಕಂಡಿತು? ಜೋರು ಸದ್ದುಗಳಲ್ಲಿ ಬಹುಪಾಲು ಹುಟ್ಟುತ್ತಿದ್ದದ್ದು ಕೆಲವೇ ಕೆಲವು ಸಣ್ಣ ಜಾಗಗಳಲ್ಲಿ, ಅದೂ ರೋಗಿಗಳ ಕಿವಿಗೆ ತೀರಾ ಹತ್ತಿರ. ಅದರಲ್ಲಿ ಒಂದಷ್ಟು ರೋಗಿಯ ಜೊತೆ ಆಡುವ ಮಾತು, ಅದು ಬೇಕೇ ಬೇಕು. ಆದರೆ ದೊಡ್ಡ ಪಾಲು ಹಾಸಿಗೆಯ ಪಕ್ಕದಲ್ಲೇ ಇಟ್ಟಿರೋ ಉಪಕರಣಗಳ ಅಲಾರಂ ಇರಬಹುದು, ಆ ಅಲಾರಂ ಸದ್ದನ್ನ ಬೆಡ್ಡಿನಿಂದ ದೂರ ಸಾಗಿಸೋ ಹಾಗೆ ಐಸಿಯುವನ್ನ ಮತ್ತೆ ವಿನ್ಯಾಸ ಮಾಡಿ ಅಂತ ಬರೆದರು.

ಈಗ ನಮ್ಮ ಕಡೆ ನೋಡಿ. ಆಸ್ಪತ್ರೆಯಲ್ಲಿ ಸದ್ದು ಅಂದ ತಕ್ಷಣ ನಾವು ಏನು ಮಾಡ್ತೀವಿ? "ಶಬ್ದ ಮಾಡಬೇಡಿ" ಅಂತ ಬೋರ್ಡ್ ಹಾಕ್ತೀವಿ. ಬಾಯಿ ಮೇಲೆ ಬೆರಳಿಟ್ಟ ನರ್ಸಮ್ಮನ ಫೋಟೋ. ಗೇಟಿನ ಹೊರಗೆ "ಹಾರ್ನ್ ನಿಷೇಧ". 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ, ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ ಇದೆ. ಒಳ್ಳೆಯದೇ. ಆದರೆ ಅದು ಹೊರಗಿನ ವಾತಾವರಣದ ನಿಯಮ. ಬೋರ್ಡು ಓದೋದು ಮನುಷ್ಯರು. ಮಾನಿಟರ್‌ಗೆ, ಡಸ್ಟ್‌ಬಿನ್ನಿಗೆ, ಟ್ರಾಲಿಗೆ ಓದೋಕೆ ಬರಲ್ಲ. ಬೈಸಿಕೊಳ್ಳೋದು ಯಾವಾಗಲೂ ಬುತ್ತಿ ಕಟ್ಟಿಕೊಂಡು ಬಂದ ಹಳ್ಳಿಯ ಹೆಂಗಸು.

ಸಿಸ್ಟರ್‌ಗಳನ್ನ ದೂರ್ತಿದೀನಿ ಅಂದುಕೊಳ್ಳಬೇಡಿ. ಆ ರಾತ್ರಿ ನಾನೂ ಸಿಟ್ಟಲ್ಲಿ ಹೋಗಿ ಕೇಳಿದೆ, "ಸಿಸ್ಟರ್, ಅದನ್ನ ಸ್ವಲ್ಪ ಕಮ್ಮಿ ಮಾಡಬಾರದಾ?" ಅಂತ. ಆ ಹುಡುಗಿ ಹೇಳಿದ್ದು ಇಷ್ಟು: "ಸಾರ್, ನಾನು ಕಮ್ಮಿ ಮಾಡಿ, ಆಮೇಲೆ ನಿಜವಾಗ್ಲೂ ಏನಾದ್ರೂ ಆಗಿ, ನನಗೆ ಕೇಳಿಸ್ಲಿಲ್ಲ ಅಂದ್ರೆ? ಈ ಕಡೆ ಒಂಬತ್ತು ಪೇಷಂಟು ಸಾರ್, ನಾನೊಬ್ಬಳೇ." ನನ್ನ ಬಾಯಿ ಮುಚ್ಚಿತು. ಡಿಬೇಟಲ್ಲಿ ಎಂಥೆಂಥವರೋ ಮುಚ್ಚಿಸೋಕೆ ಆಗದ ಬಾಯಿ.

ಆಕೆಯ ಭಯ ಸುಳ್ಳಲ್ಲ. ಆದರೆ ಅದರ ಇನ್ನೊಂದು ಮುಖ ಇನ್ನೂ ಭಯ ಹುಟ್ಟಿಸುತ್ತೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಐದು ಐಸಿಯುಗಳಲ್ಲಿ, ಒಟ್ಟು 77 ಬೆಡ್ಡು, 31 ದಿನ ಅಲಾರಂ ಲೆಕ್ಕ ಹಾಕಿದರು. ವರದಿ ಬಂದದ್ದು 2014ರಲ್ಲಿ. ಒಟ್ಟು ಅಲಾರಂ ಇಪ್ಪತ್ತೈದು ಲಕ್ಷಕ್ಕಿಂತ ಹೆಚ್ಚು. ಅದರಲ್ಲಿ ಸದ್ದು ಮಾಡಿದ್ದೇ ಒಂದು ಬೆಡ್ಡಿಗೆ ದಿನಕ್ಕೆ 187. ಎದೆಬಡಿತ ತಪ್ಪಿದೆ ಅಂತ ಬಂದ ಅಲಾರಂಗಳಲ್ಲಿ 12,671ನ್ನ ತಜ್ಞರು ಕೂತು ಪರೀಕ್ಷೆ ಮಾಡಿದರೆ 88.8 ಪರ್ಸೆಂಟ್ ಸುಳ್ಳು. ನಿಮ್ಮ ಬೀದಿಯಲ್ಲಿ ಒಂದು ಕಾರಿನ ಅಲಾರಂ ದಿನಾ ಸುಮ್ಸುಮ್ನೆ ಕೂಗ್ತಿದ್ರೆ, ಕಳ್ಳ ಬಂದ ದಿನ ನೀವು ಎದ್ದು ನೋಡ್ತೀರಾ? ಅಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ 2013ರಲ್ಲಿ ಎಚ್ಚರಿಕೆ ಕೊಟ್ಟಿತು. 2009ರ ಜನವರಿಯಿಂದ 2012ರ ಜೂನ್ ತನಕ ಅಲಾರಂಗೆ ಸಂಬಂಧಪಟ್ಟ 98 ಘಟನೆ ಅವರಿಗೆ ವರದಿಯಾಗಿತ್ತು. ಅದರಲ್ಲಿ 80 ಸಾವು. ಅಂದ್ರೆ ಇದು ಬರೀ ನಿದ್ದೆಯ ಪ್ರಶ್ನೆ ಅಲ್ಲ ಸ್ವಾಮಿ. ಸದ್ದು ಜಾಸ್ತಿ ಆದಷ್ಟೂ ಕೇಳಬೇಕಾದ ಸದ್ದು ಕೇಳಿಸಲ್ಲ.

ಇನ್ನೊಂದು ಕಷ್ಟ ಇದೆ. ಒಂದೇ ಸ್ವರದ ತೆಳ್ಳನೆಯ ಬೀಪ್ ಯಾವ ಕಡೆಯಿಂದ ಬಂತು ಅಂತ ಕಿವಿಗೆ ಹೇಳೋಕೆ ಕಷ್ಟ. ಸಾಲಾಗಿ ಬೆಡ್ಡುಗಳಿರೋ ಕಡೆ ಸಿಸ್ಟರ್ ಎದ್ದು ಪ್ರತಿ ಬೆಡ್ಡೂ ನೋಡ್ತಾ ಬರಬೇಕು. ಪ್ಲಿಮತ್ ವಿಶ್ವವಿದ್ಯಾಲಯದ ಜೂಡಿ ಎಡ್ವರ್ದಿ ಅನ್ನೋ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. 2020ರಲ್ಲಿ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಸ ಸದ್ದುಗಳು ಸೇರಿದವು. ಹೃದಯದ ಅಲಾರಂ ಅಂದ್ರೆ ಎದೆಬಡಿತದಂಥ ಸದ್ದೇ ಬರೋದು. ಕೇಳಿದ ಕೂಡಲೇ ಏನು ಅನ್ನೋದು ತಿಳಿಯಬೇಕು, ಎಲ್ಲಿ ಅನ್ನೋದೂ ತಿಳಿಯಬೇಕು.

ಇನ್ನು ಗೋಡೆ. ಆಸ್ಪತ್ರೆ ಅಂದ್ರೆ ಟೈಲ್ಸು, ಗಾಜು, ಸ್ಟೀಲು. ತೊಳೆಯೋಕೆ ಸುಲಭ ಇರಬೇಕು, ಸೋಂಕು ಕೂರಬಾರದು, ಸರಿ. ಆದರೆ ಸದ್ದು ಹೀರಿಕೊಳ್ಳೋ ಒಂದು ವಸ್ತುವೂ ಅಲ್ಲಿಲ್ಲ. ಖಾಲಿ ಮದುವೆ ಛತ್ರದಲ್ಲಿ ಪಾತ್ರೆ ಬಿದ್ದ ಹಾಗೆ ಪ್ರತಿ ಸದ್ದೂ ಗೋಡೆಯಿಂದ ಗೋಡೆಗೆ ಬಡಿದು ನಿಧಾನಕ್ಕೆ ಸಾಯುತ್ತೆ. ಅಷ್ಟರಲ್ಲಿ ಇನ್ನೊಂದು ಹುಟ್ಟಿರುತ್ತೆ. ಇದಕ್ಕೆ ದಾರಿ ಹುಡುಕಿದವರಲ್ಲಿ ಒಬ್ಬರ ಹೆಸರು ಹೇಳಲೇಬೇಕು, ಜೇಮ್ಸ್ ವೆಸ್ಟ್. ನನ್ನ ಕಾಲರ್‌ಗೆ ಸಿಕ್ಕಿಸಿರೋ ಈ ಚಿಕ್ಕ ಮೈಕ್ ಇದೆಯಲ್ಲ, ಈ ಜಾತಿಯ ಮೈಕನ್ನ 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಜೊತೆ ಸೇರಿ ಕಂಡುಹಿಡಿದವರು ಅವರು. ಆಮೇಲೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿ, ಇಲೀನ್ ಬುಶ್-ವಿಶ್ನಿಯಾಕ್ ಅನ್ನೋ ಇಂಜಿನಿಯರ್ ಮತ್ತು ತಂಡದ ಜೊತೆ ಆಸ್ಪತ್ರೆಯ ಸದ್ದಿಗೆ ಕಿವಿ ಕೊಟ್ಟರು. 2005ರಲ್ಲಿ ಬಂದ ಅವರ ಲೇಖನದ ಪ್ರಕಾರ, ಆಸ್ಪತ್ರೆಗಳ ಹಗಲಿನ ಸದ್ದು 1960ರ ಸುಮಾರಿಗೆ 57 ಡೆಸಿಬೆಲ್ ಇದ್ದದ್ದು 72ಕ್ಕೆ ಏರಿತ್ತು, ರಾತ್ರಿಯದು 42 ಇದ್ದದ್ದು 60ಕ್ಕೆ. ಆಮೇಲೆ ಅಲ್ಲಿನ ಕ್ಯಾನ್ಸರ್ ವಾರ್ಡಿನಲ್ಲಿ ಗಾಜಿನ ನಾರಿನ ಹಲಗೆಗಳಿಗೆ ಬ್ಯಾಕ್ಟೀರಿಯಾ ತಡೆಯೋ ಬಟ್ಟೆ ಸುತ್ತಿ ಹಾಕಿದರು. ಮಾರ್ದನಿ ಅರ್ಧಕ್ಕಿಂತ ಕಮ್ಮಿ ಆಯಿತು, ಸದ್ದು 5 ಡೆಸಿಬೆಲ್‌ನಷ್ಟು ಇಳಿಯಿತು. ಸೋಂಕೂ ತಡೀಬೇಕು, ಸದ್ದೂ ತಡೀಬೇಕು ಅಂದ್ರೆ ದಾರಿ ಇದೆ ಅಂತ ಆಯ್ತಲ್ಲ?

ಸರಿ, ಅಪ್ಪನ ಕಥೆ ಏನಾಯ್ತು ಅಂತೀರಾ?

ನಾಲ್ಕನೇ ದಿನ ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಮುಂದೆ ಆ ಸಿಸ್ಟರ್‌ನೂ ನಿಲ್ಲಿಸಿಕೊಂಡು ಎಲ್ಲಾ ಹೇಳಿದೆ. ಮೆಷಿನ್ ಮುಟ್ಟೋದು ನನ್ನ ಕೆಲಸ ಅಲ್ಲ, ನೀವೇ ನೋಡಿ ಅಂದೆ. ಇದನ್ನ ನಿಮಗೂ ಹೇಳ್ತಿದೀನಿ, ದಯವಿಟ್ಟು ಯಾರೂ ಮಾನಿಟರ್ ಬಟನ್ ಒತ್ತೋಕೆ ಹೋಗಬೇಡಿ, ಸಿಸ್ಟರ್‌ನ ಕರೀರಿ. ಡಾಕ್ಟರ್ ಮೂರು ಕೆಲಸ ಮಾಡಿಸಿದರು. ಕ್ಲಿಪ್ಪು ತೆಗೆದು ಬೆರಳಿಗೆ ಅಂಟಿಸೋ ಥರದ್ದು ಹಾಕಿಸಿದರು. ಯಾವ ಅಳತೆಗೆ ಅಲಾರಂ ಕೂಗಬೇಕು ಅನ್ನೋದನ್ನ ಅಪ್ಪನ ಸ್ಥಿತಿಗೆ ತಕ್ಕ ಹಾಗೆ ಬದಲಾಯಿಸಿದರು. ಮೂರನೆಯದು ನನಗೆ ಇಷ್ಟ ಆಗಿದ್ದು. ಮಾನಿಟರ್ ಇದ್ದದ್ದು ಚಕ್ರದ ಸ್ಟ್ಯಾಂಡ್ ಮೇಲೆ. ವೈರು ಸಾಲುತ್ತಾ ನೋಡಿ, ಅದನ್ನ ತಲೆಯ ಕಡೆಯಿಂದ ಕಾಲಿನ ಕಡೆಗೆ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ಎರಡು ಅಡಿ ಇದ್ದದ್ದು ಏಳೆಂಟು ಅಡಿ. ಬಯಲಲ್ಲಾದ್ರೆ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತೆ. ಟೈಲ್ಸ್ ರೂಮಲ್ಲಿ ಅಷ್ಟು ಇಳಿಯಲ್ಲ, ಆದರೂ ಇಳಿಯಿತು. ಸಿಸ್ಟರ್‌ಗೆ ಮೊದಲಿಗಿಂತ ಚೆನ್ನಾಗಿ ಕೇಳಿಸಿತು, ಅಪ್ಪನಿಗೆ ಕಮ್ಮಿ. ಖರ್ಚು? ಸೊನ್ನೆ. ಡಸ್ಟ್‌ಬಿನ್ ಮುಚ್ಚಳದ ಅಂಚಿಗೆ ವಾರ್ಡ್ ಬಾಯ್ ನಾಲ್ಕು ತುಂಡು ಪ್ಲಾಸ್ಟರ್ ಅಂಟಿಸಿದ, ಅದು ನನ್ನ ಐಡಿಯಾ, ಸ್ವಲ್ಪ ಹೆಮ್ಮೆ ಪಡೋಕೆ ಬಿಡಿ.

ಇದನ್ನೆಲ್ಲಾ ಒಬ್ಬ ರೋಗಿಯ ಮಗ ಟಿವಿಯವನು ಅನ್ನೋ ಕಾರಣಕ್ಕೆ ಮಾಡಿಕೊಟ್ಟರಾ ಅಂತ ಕೇಳಿದ್ರೆ, ಸ್ವಲ್ಪ ಹೌದು. ಅದೇ ನನ್ನ ತಕರಾರು. ಒಂಬತ್ತು ಪೇಷಂಟಿಗೆ ಒಬ್ಬಳೇ ಸಿಸ್ಟರ್ ಇಟ್ಟು, ಅಲಾರಂಗಳು ಅವಳ ಟೇಬಲ್ಲಿಗೇ ಬರೋ ವ್ಯವಸ್ಥೆ ಮಾಡದೆ, ಲಾಬಿಗೆ ಗ್ರಾನೈಟ್ ಹಾಕಿಸೋ ಆಡಳಿತ ಮಂಡಳಿಗಳು ಇದಕ್ಕೆ ಉತ್ತರ ಕೊಡಬೇಕು. ನಮ್ಮ ವೇಟಿಂಗ್ ಹಾಲ್ ಟಿವಿ ವಿಷಯಕ್ಕೆ ಉತ್ತರ ನಾನು ಕೊಡಬೇಕು. ರಾತ್ರಿ ಮರುಪ್ರಸಾರದ ಧ್ವನಿ ತಗ್ಗಿಸೋ ಬಗ್ಗೆ ಚಾನೆಲ್‌ನಲ್ಲಿ ಕೇಳಿದೀನಿ. ನೋಡೋಣ ಅಂದಿದ್ದಾರೆ.

ಆ ರಾತ್ರಿ ಅಪ್ಪ ಹನ್ನೊಂದಕ್ಕೆ ಕಣ್ಣು ಮುಚ್ಚಿದವರು ನಡುವೆ ಎರಡು ಸಲ ಹೊರಳಿದ್ದು ಬಿಟ್ಟರೆ ಐದೂವರೆ ತನಕ ಏಳಲಿಲ್ಲ. ಎದ್ದವರು ಡಿಪೋ ಮಾತು ಆಡಲಿಲ್ಲ. ಗಡಿಯಾರ ನೋಡಿದರು, ನನ್ನ ನೋಡಿದರು, "ಯಾಕ್ಲಾ, ಸ್ಟೂಲ್ ಮೇಲೇ ಮಲ್ಗಿದ್ಯಾ?" ಅಂದರು. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಕಾಫಿ ಟ್ರಾಲಿ ಬಂತು, ಕೀರ್ ಕೀರ್ ಅಂತ. ಅಪ್ಪ ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡರು.

"ಹಿಂದ್ಗಡೆ ಎಡಗಡೆ ಚಕ್ರ. ಗ್ರೀಸ್ ಹಾಕ್ಸು ಅಂತ ಹೇಳೋ ಅವರಿಗೆ."

ಟ್ರಾಲಿ ರೂಮಿಗೆ ಬಂದಾಗ ಬಗ್ಗಿ ನೋಡಿದೆ. ಹಿಂದಿನ ಎಡಗಡೆ ಚಕ್ರವೇ. ನಮಸ್ಕಾರ.